ಹುಡುಗಿಯನ್ನು ಯಾರೂ ಕೇಳಲಿಲ್ಲ

ನಿವೃತ್ತಳಾದ ದಿನ ಹಾರ ಹಾಕಿ, ಫಲತಾಂಬೂಲ ಕೊಟ್ಟು, "ಮೇಡಂ ಕೋಪಿಷ್ಠರು, ಆದರೆ ಮನಸ್ಸು ಬೆಣ್ಣೆ" ಎಂದು ಒಬ್ಬರಾದ ಮೇಲೊಬ್ಬರು ಭಾಷಣ ಮಾಡಿದರು. ಮನಸ್ಸು ಬೆಣ್ಣೆ ಅನ್ನುವುದು ಸುಳ್ಳು. ಕೋಪ ಮಾತ್ರ ನಿಜ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮಮ್ಮ ಹೇಳುತ್ತಿದ್ದರು. ಅದು ಸರ್ಕಾರಿ ಕೆಲಸಕ್ಕೆ ಸೇರಿದ ಮೇಲೆ ಇಳಿಯಲಿಲ್ಲ, ಏರಿತು. ಯಾಕೆ ಏರಿತು ಎಂದು ಆ ಸಭೆಯಲ್ಲಿ ಯಾರೂ ಕೇಳಲಿಲ್ಲವಾದ್ದರಿಂದ ಈಗ ಬರೆಯುತ್ತಿದ್ದೇನೆ. ಸ್ತ್ರೀರೋಗ ವಿಭಾಗಕ್ಕೆ ಹೊಸದಾಗಿ ಕಾಲಿಡುತ್ತಿರುವ ಡಾಕ್ಟರು ಮಕ್ಕಳು ಓದಲಿ. ದೊಡ್ಡವರು ಓದಿ ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ತೊಂಬತ್ತರ ದಶಕವನ್ನೂ ಅದರ ಮುಂದಿನ ಹತ್ತು ವರ್ಷಗಳನ್ನೂ ನಾನು ನಂಜನಗೂಡು, ತಿ. ನರಸೀಪುರ ಸೀಮೆಯಲ್ಲೇ ಕಳೆದೆ. ಆಸ್ಪತ್ರೆಗಳ ಹೆಸರು ಬರೆಯುವುದಿಲ್ಲ, ಜನರ ಹೆಸರು ಬದಲಾಯಿಸಿದ್ದೇನೆ. ಹೆರಿಗೆ, ಸಿಜೇರಿಯನ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳುವುದು ಅಪರೂಪದ ಒಂದು ಬಗೆಯ ಕೇಸುಗಳನ್ನು. ಕೆಲವು ಹುಡುಗಿಯರಿಗೆ ಹುಟ್ಟುವಾಗಲೇ ಗರ್ಭಕೋಶವೋ ಅದರ ದಾರಿಯೋ ಸರಿಯಾಗಿ ರೂಪುಗೊಂಡಿರುವುದಿಲ್ಲ. ದಾರಿಯ ನಡುವೆ ಒಂದು ಗೋಡೆ ಇದ್ದರೆ ತಿಂಗಳ ರಕ್ತ ಹೊರಗೆ ಬರಲಾಗದೆ ಒಳಗೇ ತುಂಬುತ್ತಾ ಹೋಗುತ್ತದೆ. ಕೆಲವರಿಗೆ ಗರ್ಭಕೋಶವೇ ಇರುವುದಿಲ್ಲ. ಹನ್ನೆರಡು ಹದಿಮೂರು ವರ್ಷದವರೆಗೆ ಇದು ಯಾರಿಗೂ ತಿಳಿಯುವುದಿಲ್ಲ. ತಿಳಿಯುವ ವಯಸ್ಸು ಬಂದಾಗ ಮನೆಯವರಿಗೆ ನಾಚಿಕೆ, ಡಾಕ್ಟರಿಗೆ ಅವಸರ.

ಈಗ ನೀವು ಹೊಕ್ಕುಳ ಹತ್ತಿರ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸುತ್ತೀರಿ. ಹೊಟ್ಟೆಯೊಳಗಿನದೆಲ್ಲ ಟಿ.ವಿ. ಪರದೆಯ ಮೇಲೆ ಕಾಣುತ್ತದೆ, ಕೊಠಡಿಯಲ್ಲಿರುವ ಎಲ್ಲರೂ ನೋಡುತ್ತಾರೆ. ನಾನು ಕಲಿತಾಗ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಲ್ಯಾಪ್ರೊಸ್ಕೋಪ್ ಎಂಬ ಆ ಕೊಳವೆಯ ತುದಿಗೆ ಅಂಟಿಸಿ, ಬೆನ್ನು ಬಗ್ಗಿಸಿ ನೋಡಬೇಕಾಗಿತ್ತು. ಪಕ್ಕದಲ್ಲಿ ನಿಂತವರಿಗೆ ಏನೂ ಕಾಣುತ್ತಿರಲಿಲ್ಲ. ಒಳಗೆ ಕಂಡದ್ದನ್ನು ನಾನು ಬಾಯಲ್ಲಿ ಹೇಳಬೇಕು, ಮೇಲಿನವರು ನಂಬಿದರೆ ನಂಬಬೇಕು. ಹೆಂಗಸಾದ್ದರಿಂದ ಸಾಮಾನ್ಯವಾಗಿ ನಂಬುತ್ತಿರಲಿಲ್ಲ.

ಮೊದಲು ನಂಜನಗೂಡಿನ ಮಾತು. ನಾನಲ್ಲಿ ಸೇರಿದ ಹೊಸತರಲ್ಲಿ ಹೆಡತಲೆ ಕಡೆಯಿಂದ ಒಬ್ಬ ಹೆಂಗಸು ಬಂದಳು. ಹೆಂಗಸು ಎಂದೆ, ಇಪ್ಪತ್ತು ದಾಟಿರಲಿಲ್ಲ. ಮದುವೆಯಾಗಿ ಎರಡು ವರ್ಷ, ಮಕ್ಕಳಿಲ್ಲ, ಅತ್ತೆ ಜೊತೆಗೆ ಬಂದಿದ್ದಳು. ಹೊಟ್ಟೆಯ ಮೇಲೆ ಹೊಕ್ಕುಳಿನಿಂದ ಕೆಳಗಿನವರೆಗೆ ಉದ್ದನೆಯ ಹೊಲಿಗೆಯ ಗುರುತು. ಹದಿನಾಲ್ಕನೇ ವಯಸ್ಸಿನಲ್ಲಿ ಹೊಟ್ಟೆನೋವು ಬಂತಂತೆ, ಮೂತ್ರ ಕಟ್ಟಿತಂತೆ. ಯಾವುದೋ ನರ್ಸಿಂಗ್ ಹೋಮಿನಲ್ಲಿ "ಗಡ್ಡೆ ಇದೆ" ಎಂದು ತೆಗೆದರಂತೆ. ಮುಟ್ಟು ಒಂದು ಸಲವೂ ಆಗಿಲ್ಲ, ಅದು ಆ ಆಪರೇಷನ್ನಿನ ನಿಶ್ಶಕ್ತಿ ಎಂದು ಅವಳು ನಂಬಿಕೊಂಡಿದ್ದಳು. ನಾನು ಪರೀಕ್ಷೆ ಮಾಡಿದೆ, ಸ್ಕ್ಯಾನ್ ಮಾಡಿಸಿದೆ. ಗರ್ಭಕೋಶ ಇರಲಿಲ್ಲ. ದಾರಿಯ ಗೋಡೆ ಮಾತ್ರ ಇದ್ದ ಹಾಗೇ ಇತ್ತು. ಆ ಮಹಾಶಯ ಗೋಡೆಯನ್ನು ಬಿಟ್ಟು, ರಕ್ತ ತುಂಬಿ ಉಬ್ಬಿದ್ದ ಗರ್ಭಕೋಶವನ್ನೇ ಗಡ್ಡೆ ಎಂದು ಕಿತ್ತು ಹಾಕಿದ್ದ. ಮನೆಯವರಿಗೆ ಒಂದು ಮಾತೂ ಹೇಳಿರಲಿಲ್ಲ.

ಅತ್ತೆಯನ್ನು ಹೊರಗೆ ಕೂರಿಸಿ ಅವಳಿಗೆ ವಿಷಯ ತಿಳಿಸಿದೆ. ಅವಳು ಅಳಲಿಲ್ಲ. ಸೆರಗು ಸರಿಮಾಡಿಕೊಂಡು, "ಇದ್ನ ಅವ್ರ್ಗೆ ನಾನೇ ಏಳ್ಬೇಕಾ, ನೀವು ಏಳ್ತೀರಾ?" ಎಂದಳು. ನಾನೇ ಹೇಳಿದೆ. ಅತ್ತೆ ಎದ್ದು ಹೋದಳು. ಸೊಸೆಗಾಗಿ ಕಾಯಲಿಲ್ಲ. ಬಸ್ಸಿಗೆ ಆ ಹುಡುಗಿ ಒಬ್ಬಳೇ ನಡೆದು ಹೋದದ್ದನ್ನು ನಾನು ಕಿಟಕಿಯಿಂದ ನೋಡಿದೆ. ಒಂದು ಸಣ್ಣ ಗೋಡೆ ಕತ್ತರಿಸಿದ್ದರೆ ಮುಗಿಯುತ್ತಿದ್ದ ಕೆಲಸ.

ಕಾಲಾನುಕ್ರಮ ಬಿಟ್ಟು ಇನ್ನೊಂದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇದು ನಾನು ನಡುವೆ ನರಸೀಪುರಕ್ಕೆ ಹೋಗಿ ಮತ್ತೆ ನಂಜನಗೂಡಿಗೆ ಬಂದ ಮೇಲಿನದು, ಎರಡು ಸಾವಿರದ ನಂತರ. ಆಗ ಕ್ಯಾಮೆರಾ ಬಂದಿತ್ತು. ಚಿಕ್ಕಯ್ಯನಛತ್ರದ ಕಡೆಯ ಒಬ್ಬ ವ್ಯಾಪಾರಸ್ಥರು ಪಿ.ಯು.ಸಿ. ಓದುತ್ತಿದ್ದ ಮಗಳನ್ನು ಕರೆತಂದರು. ದೊಡ್ಡವಳಾಗಿಲ್ಲ ಎಂದು ಒಬ್ಬ ಡಾಕ್ಟರು ಎರಡು ವರ್ಷದಿಂದ ಹಾರ್ಮೋನು ಮಾತ್ರೆ ನುಂಗಿಸುತ್ತಲೇ ಇದ್ದರು. ಗರ್ಭಕೋಶ ಇದೆಯೋ ಇಲ್ಲವೋ ಎಂದು ಒಂದು ಸಲವೂ ನೋಡಿರಲಿಲ್ಲ. ಬಾವಿಯೇ ಇಲ್ಲದ ಕಡೆ ಹಗ್ಗ ಬಿಟ್ಟು ಸೇದುತ್ತಿದ್ದ ಹಾಗೆ. ಲ್ಯಾಪ್ರೊಸ್ಕೋಪಿ ಮಾಡಿ ನೋಡಿದೆ. ಅಂಡಾಶಯಗಳು ಎರಡೂ ಚೆನ್ನಾಗಿದ್ದವು, ಗರ್ಭಕೋಶ ಹುಟ್ಟಿನಿಂದಲೇ ಇರಲಿಲ್ಲ. ಹೊಟ್ಟೆಯ ಮೇಲೆ ಅರ್ಧ ಇಂಚಿನ ಗಾಯ, ಮಾರನೆಯ ದಿನ ಮನೆಗೆ. ಕೆಲಸ ಅಷ್ಟು ಸಲೀಸಾಯಿತು. ಹೇಳುವುದು ಕಷ್ಟವಾಯಿತು. ಎಲ್ಲ ಕೇಳಿಸಿಕೊಂಡ ತಂದೆ ಮಗಳ ಎದುರಿಗೇ, "ಅಂಗಾರೆ ಇವ್ಳು ಎಣ್ಣೇ ಅಲ್ವಾ ಮೇಡಂ?" ಎಂದರು.

"ನಿಮ್ಮ ಮಗಳು ಹೆಣ್ಣೇ. ನೀವು ಮನುಷ್ಯರಾ ಅಂತ ನಾನೀಗ ಯೋಚನೆ ಮಾಡ್ತಿದೀನಿ" ಎಂದೆ.

ಅವರು ನನ್ನ ಮೇಲೆ ದೂರು ಕೊಟ್ಟರು. ವಿಚಾರಣೆ ನಡೆಯಿತು, "ಮೃದುವಾಗಿ ಮಾತಾಡತಕ್ಕದ್ದು" ಎಂದು ಉಪದೇಶವೂ ಬಂತು. ಆ ಹುಡುಗಿ ಮಾತ್ರ ಪ್ರತಿ ರಜೆಗೂ ನನ್ನ ಹತ್ತಿರ ಬರುತ್ತಿದ್ದಳು. ಬಿ.ಎಡ್. ಮಾಡಿದಳು. ಗರ್ಭಕೋಶದ ವಿಷಯ ಎತ್ತದೆ ಗಂಟೆಗಟ್ಟಲೆ ಕೂತು ಹೋಗುತ್ತಿದ್ದಳು.

ಇನ್ನು ತಿ. ನರಸೀಪುರ. ಇದನ್ನು ಕೊನೆಗೆ ಇಟ್ಟುಕೊಂಡದ್ದಕ್ಕೆ ಕಾರಣವಿದೆ. ಮೊದಲೇ ಹೇಳಲು ಹೊರಟಿದ್ದರೆ ಬೇರೆ ಯಾವುದನ್ನೂ ಬರೆಯುವ ತಾಳ್ಮೆ ಉಳಿಯುತ್ತಿರಲಿಲ್ಲ.

ತೊಂಬತ್ತರ ದಶಕದ ನಡುಭಾಗ. ನಾನಿದ್ದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಯಂತ್ರ ಇರಲಿಲ್ಲ. ಆದರೆ ಲ್ಯಾಪ್ರೊಸ್ಕೋಪ್ ಇತ್ತು! ಕುಟುಂಬ ಯೋಜನೆಯ ಆಪರೇಷನ್ ಕ್ಯಾಂಪಿಗೆಂದು ಸರ್ಕಾರ ಕೊಟ್ಟದ್ದು. ಕ್ಯಾಂಪಿನ ದಿನ ಹಳ್ಳಿಗಳಿಂದ ಹೆಂಗಸರನ್ನು ಜೀಪಿನಲ್ಲಿ ತುಂಬಿಕೊಂಡು ಬರುತ್ತಿದ್ದರು. ಒಬ್ಬಳನ್ನು ಇಳಿಸಿ ಇನ್ನೊಬ್ಬಳನ್ನು ಹತ್ತಿಸಿ ಗರ್ಭನಾಳದ ಟ್ಯೂಬಿಗೆ ಉಂಗುರ ಹಾಕುವುದು, ಟಾರ್ಗೆಟ್ ಮುಟ್ಟಿಸುವುದು. ಉಳಿದ ದಿನ ಆ ಸ್ಕೋಪು ಬೀರುವಿನಲ್ಲಿ, ಬೀರುವಿನ ಬೀಗದ ಕೈ ನಮ್ಮ ಮುಖ್ಯಸ್ಥ ಡಾ. ರುದ್ರಪ್ಪನವರ ಜೇಬಿನಲ್ಲಿ. ಅವರು ಹಳೆಯ ಕಾಲದ ಸರ್ಜನ್ನು, ಕೈ ಚುರುಕು. ಹೊಟ್ಟೆ ಕೊಯ್ಯುವುದೆಂದರೆ ಅವರಿಗೆ ಹಬ್ಬ. ಬೇರೆ ರೋಗಿಗಳನ್ನು ನೋಡಲು ಸ್ಕೋಪು ಕೊಡಿ ಎಂದು ನಾನು ಎಷ್ಟೋ ಸಲ ಕೇಳಿದ್ದೆ. "ಕೆಟ್ಟುಹೋದರೆ ಡೆಲ್ಲಿಯಿಂದ ಸ್ಪೇರ್ ಪಾರ್ಟ್ ನಿಮ್ಮಪ್ಪ ತರ್ತಾರೇನ್ರೀ?" ಎನ್ನುತ್ತಿದ್ದರು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಸಾಕ್ಷಿ ಬೇಕಾದವರು ಆ ಬೀರುವನ್ನು ನೋಡಬಹುದಿತ್ತು.

ಹೀಗಿರುವಾಗ ಮುಡುಕುತೊರೆ ಕಡೆಯಿಂದ ಒಂದು ಹುಡುಗಿಯನ್ನು ಎತ್ತಿಕೊಂಡು ಬಂದರು. ಮಾದೇವಿ ಎಂದಿಟ್ಟುಕೊಳ್ಳಿ. ಹದಿನಾರು ವರ್ಷ. ಬೆನ್ನು ಬಗ್ಗಿಸಿಕೊಂಡು, ಎರಡೂ ಕೈಯಲ್ಲಿ ಕೆಳಹೊಟ್ಟೆ ಹಿಡಿದುಕೊಂಡಿದ್ದಳು. ಹೊಟ್ಟೆ ಐದು ತಿಂಗಳ ಬಸುರಿಯಷ್ಟು ಉಬ್ಬಿತ್ತು. ಜೊತೆಗೆ ತಾಯಿ ರಾಜಮ್ಮ ಮತ್ತು ಸೋದರಮಾವ ಶಿವಣ್ಣ. ತಂದೆ ತೀರಿಕೊಂಡಿದ್ದ. ರಾಜಮ್ಮ ಅಣ್ಣನ ಮನೆಯ ಹಿಂಭಾಗದಲ್ಲೇ ಇದ್ದುಕೊಂಡು, ಅವನ ಜಮೀನಿನಲ್ಲೇ ಗೇಯ್ದು ಮಗಳನ್ನು ಸಾಕಿದ್ದಳು. ಮಾದೇವಿಯನ್ನು ಶಿವಣ್ಣನ ಮಗನಿಗೆ ಕೊಡುವುದೆಂದು ಮಾತಾಗಿತ್ತು.

ಹುಡುಗಿಯ ರವಿಕೆಯ ಕೆಳಗೆ, ಬೆನ್ನ ಮೇಲೆ ಬಾಸುಂಡೆಗಳಿದ್ದವು. "ಇದೇನು?" ಎಂದೆ. ತಾಯಿ ನೆಲ ನೋಡಿದಳು. ಶಿವಣ್ಣ ಮರೆಮಾಚಲಿಲ್ಲ. "ನಾನೇ ಎರಡು ಬುಟ್ಟೆ ಮೇಡಂ. ಊರೆಲ್ಲ ಬಸ್ರಿ ಅಂತಾವ್ರೆ. ಯಾವನು ಅಂತ ಕೇಳುದ್ರೆ ಬಾಯೇ ಬುಡಾಕಿಲ್ಲ" ಎಂದ.

ಊರಿಗೆ ಆ ಸುದ್ದಿ ಹಬ್ಬಿಸಿದವಳು ಅವನ ಹೆಂಡತಿಯೇ ಎಂದು ಆಮೇಲೆ ತಿಳಿಯಿತು. ಅವರು ಅಷ್ಟರಲ್ಲಿ ಮೈಸೂರಿನ ಒಂದು ನರ್ಸಿಂಗ್ ಹೋಮಿಗೂ ಹೋಗಿ ಬಂದಿದ್ದರು. ಮೂತ್ರ ಪರೀಕ್ಷೆಯಲ್ಲಿ ಬಸುರಿಲ್ಲ ಎಂದು ಬಂದಿತ್ತು, ಶಿವಣ್ಣನಿಗೆ ನಂಬಿಕೆ ಬಂದಿರಲಿಲ್ಲ. ಸ್ಕ್ಯಾನಿನಲ್ಲಿ ಕೆಳಹೊಟ್ಟೆಯಲ್ಲಿ ದೊಡ್ಡ ನೀರುಗಡ್ಡೆ, ಬಹುಶಃ ಅಂಡಾಶಯದ್ದು ಎಂದು ಬರೆದಿದ್ದರು. ಹೊಟ್ಟೆ ತೆರೆದು ತೆಗೆಯಬೇಕು ಎಂದಾಗ ಹೆದರಿ ಊರಿಗೆ ವಾಪಸ್ಸಾಗಿದ್ದರು. ನೋವು ತಡೆಯಲಾಗದೆ ಈಗ ನಮ್ಮಲ್ಲಿಗೆ.

"ಮುಟ್ಟು ಸರಿಯಾಗಿ ಆಗ್ತೀಯಾ?" ಎಂದು ಕೇಳಿದೆ. ಹುಡುಗಿಯ ಕಡೆ ನೋಡಿ ಕೇಳಿದ್ದಕ್ಕೆ ತಾಯಿ ಉತ್ತರ ಕೊಟ್ಟಳು.

"ಆಯ್ತಾಳೆ ಕಣವ್ವ, ತಿಂಗ್ತಿಂಗ್ಳೂ ಆಯ್ತಾಳೆ. ದೊಡ್ಡೋಳಾಗಿ ಒಂದೂವರೆ ವರ್ಸ ಆಯ್ತು. ನಮ್ಮಣ್ಣನೇ ಸೊಪ್ಪು ತಂದು ಗುಡ್ಲು ಆಕುದ್ದ. ಊರೋರೆಲ್ಲ ಬಂದು ಆರತಿ ಎತ್ತುದ್ರು."

ಶಿವಣ್ಣ ಹೌದೆಂದು ತಲೆಯಾಡಿಸಿದ. ಆರತಿ ಆಗಿದೆ, ಹೊಟ್ಟೆ ಬರುವವರೆಗೆ ತಿಂಗಳು ತಿಂಗಳು ಜಗುಲಿಯ ಮೇಲೆ ಮೂರು ದಿನ ಹೊರಗೆ ಕೂತಿದ್ದಾಳೆ, ಬೀದಿಯವರೆಲ್ಲ ನೋಡಿದ್ದಾರೆ. ಇದಕ್ಕಿಂತ ಸಾಕ್ಷಿ ಏನು ಬೇಕು?

ಡಾ. ರುದ್ರಪ್ಪ ಹೊಟ್ಟೆ ಒತ್ತಿ ನೋಡಿ ಅಲ್ಲೇ ತೀರ್ಮಾನ ಮಾಡಿದರು. "ಗಡ್ಡೆ. ಓಪನ್ ಮಾಡಣ. ಯುಟರಸ್‌ಗೆ ಅಂಟಿಕೊಂಡಿದ್ರೆ ಅದನ್ನೂ ಸೇರಿಸಿ ತೆಗೆದುಬಿಡಣ. ಜೀವ ಮುಖ್ಯ."

ನನ್ನ ಕಣ್ಣ ಮುಂದೆ ಹೆಡತಲೆಯವಳು ಬಂದು ನಿಂತಳು. ಮುಟ್ಟು ಸರಿಯಾಗಿ ಆಗುತ್ತಿದ್ದರೆ ರಕ್ತ ಕಟ್ಟಿಕೊಳ್ಳುವ ಪ್ರಶ್ನೆಯೇ ಇಲ್ಲ, ಅದು ನಿಜ. ಆದರೆ ನೋವು ಯಾವಾಗ ಬರುತ್ತದೆ ಎಂದಾಗ ತಾಯಿ, "ಒರ್ಗೆ ಕುಂತ್ಕೊಳೋ ಒತ್ಗೆ ಸರ್ಯಾಗಿ ಬತ್ತದೆ" ಎಂದಿದ್ದಳು. ಅಂಡಾಶಯದ ಗಡ್ಡೆಗೆ ಪಂಚಾಂಗ ನೋಡಿಕೊಂಡು ನೋಯಲು ಬರುವುದಿಲ್ಲ. ಕೆಳಗಿನಿಂದ ಪರೀಕ್ಷೆ ಮಾಡಬೇಕು ಎಂದೆ. ರುದ್ರಪ್ಪನವರಿಗೆ ಸಿಟ್ಟು ಬಂತು. "ಮದುವೆಯಾಗದ ಹುಡುಗೀನ ಹಾಗೆಲ್ಲ ನೋಡೋ ಪದ್ಧತಿ ನಮ್ಮಲ್ಲಿಲ್ಲ. ನಾಳೆ ಗಲಾಟೆ ಆದ್ರೆ ಯಾರ್ರೀ ಹೊಣೆ?" ಎಂದರು. ಹೊಟ್ಟೆ ಸೀಳಿ ಗರ್ಭಕೋಶ ತೆಗೆದರೆ ಮಾನ ಹೋಗುವುದಿಲ್ಲವಂತೆ, ಹೆಂಗಸಾದ ನಾನು ಪರೀಕ್ಷೆ ಮಾಡಿದರೆ ಹೋಗುತ್ತದಂತೆ. ಈ ಪದ್ಧತಿಯೇ ಎಷ್ಟೋ ಹುಡುಗಿಯರ ಹೊಟ್ಟೆ ಸೀಳಿಸಿದೆ ಮಕ್ಕಳೇ, ನೆನಪಿಟ್ಟುಕೊಳ್ಳಿ.

ರಾಜಮ್ಮ ಬಲು ಎಚ್ಚರದ ಹೆಂಗಸು. ಮಗಳ ಮಂಚ ಬಿಟ್ಟು ಕದಲುತ್ತಿರಲಿಲ್ಲ. ನಾನು ಏನು ಕೇಳಿದರೂ ಅವಳದೇ ಉತ್ತರ. ಊಟ ಸೇರುತ್ತದಾ ಎಂದರೂ ಅವಳೇ, ನಿದ್ದೆ ಬರುತ್ತದಾ ಎಂದರೂ ಅವಳೇ. ಆ ಹುಡುಗಿಯ ದನಿ ಹೇಗಿದೆ ಎಂದೇ ನನಗೆ ಗೊತ್ತಿರಲಿಲ್ಲ. ಕೊನೆಗೆ ಔಷಧಿ ಅಂಗಡಿಯಿಂದ ಹತ್ತಿ ತಾ ಎಂದು ತಾಯಿಯನ್ನು ಕಳಿಸಿ, ಬಾಗಿಲು ಹಾಕಿಕೊಂಡು, ಹುಡುಗಿಯ ಪಕ್ಕದಲ್ಲಿ ಕೂತೆ.

"ಮಾದೇವಿ, ನಿಮ್ಮವ್ವ ಹೇಳಿದ್ದು ಕೇಳಿದೆ. ಈಗ ನೀನು ಹೇಳು. ಮುಟ್ಟಾದಾಗ ರಕ್ತ ಎಷ್ಟು ಹೋಗುತ್ತೆ?"

ಅವಳು ಬಾಗಿಲ ಕಡೆ ನೋಡಿದಳು.

"ಮಾತಾಡ್ಬಾರ್ದು ಅಂತ ಅವ್ವ ಬೆಟ್ಟದ ದೇವ್ರ ಮೇಲೆ ಆಣೆ ಇಡ್ಸವ್ಳೆ" ಎಂದಳು.

"ಮಾತಾಡದೆ ಇದ್ರೆ ನಾಳಿದ್ದು ನಿನ್ನ ಗರ್ಭಕೋಶ ತೆಗೀಬಹುದು. ಆಮೇಲೆ ನಿನಗೆ ಮಕ್ಕಳಾಗಲ್ಲ. ಆಣೆಯ ಪಾಪ ನನಗೇ ಇರಲಿ. ಹೇಳು."

"ನಾನು ಒರಗಾಗೇ ಇಲ್ಲ ಡಾಕ್ಟ್ರಮ್ಮ. ಒಂದ್ಸಲನೂ ಆಗಿಲ್ಲ."

ಆಮೇಲೆ ಎಲ್ಲವನ್ನೂ ಹೇಳಿದಳು. ಅವಳ ಓರಗೆಯವರೆಲ್ಲ ದೊಡ್ಡವರಾದರು. ಅವಳಿಗಿಂತ ಚಿಕ್ಕವರೂ ಆದರು. "ಇನ್ನೂ ಆಗ್ನಿಲ್ವಾ? ನಮ್ಮನೆಗೆ ಬಂಜೆಗಿಡ ತರಾಕಾದದಾ?" ಎಂದು ಸೋದರಮಾವನ ಹೆಂಡತಿ ಆಡತೊಡಗಿದಳು. ಸಂಬಂಧ ತಪ್ಪಿದರೆ ಅಣ್ಣನ ಆಸರೆಯೂ ತಪ್ಪುತ್ತದೆ. ಅದೇ ಹೊತ್ತಿಗೆ ಹುಡುಗಿಗೆ ಮೊದಲ ಸಲ ಹೊಟ್ಟೆನೋವು ಬಂತು. ನೋವು ಬಂದಿದೆಯಲ್ಲ, ಇನ್ನೇನು ಆಗಿಯೇ ಬಿಡುತ್ತಾಳೆ ಎಂದು ರಾಜಮ್ಮ ಬಟ್ಟೆಯೊಂದಕ್ಕೆ ಅರಿಶಿನ ಸುಣ್ಣ ಕಲಸಿ ಕೆಂಪು ಮಾಡಿ, ಮುಟ್ಟಿನ ಬಟ್ಟೆ ಒಗೆಯುವ ಮಡಿವಾಳಗಿತ್ತಿಗೆ ದೂರದಿಂದ ತೋರಿಸಿ, ಮಗಳು ದೊಡ್ಡವಳಾದಳು ಎಂದು ಸಾರಿಬಿಟ್ಟಳು. ಅವಳು ಕೂರಲು ಸೊಪ್ಪಿನ ಗುಡ್ಲು ಹಾಕಿದರು. ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ ತಿನ್ನಿಸಿದರು. ಅದೇ ಅರಿಶಿನ ಸುಣ್ಣದ ಕೆಂಪು ನೀರಿನಲ್ಲಿ ಆರತಿ ಎತ್ತಿದರು. ಆ ಮೇಲೆ ತಿಂಗಳು ತಿಂಗಳೂ ನೋವು ಬಂದಾಗ ಜಗುಲಿಯ ಮೇಲೆ ಮೂರು ದಿನ ಕೂರಿಸುವ ನಾಟಕ. ನೋವಿನಲ್ಲಿ ಹೊರಳಾಡುವ ಹುಡುಗಿಯನ್ನು ಬೀದಿಗೆ ಕಾಣಿಸುವ ಹಾಗೆ ನೆಟ್ಟಗೆ ಕೂರಿಸುವುದು! ಕೊನೆಕೊನೆಗೆ ಕೂರಲಾಗದೆ ಒಳಗೇ ಮಲಗಿದಳು. ಹೊರಗೆ ಕೂರುವುದು ನಿಂತಿತು, ಹೊಟ್ಟೆ ಬಂತು. ಊರಿಗೆ ಲೆಕ್ಕ ಹಾಕಲು ಇನ್ನೇನು ಬೇಕು?

"ನಿಮ್ಮ ಮಾವ ಹೊಡೆಯುವಾಗ ನಿಮ್ಮವ್ವ ಎಲ್ಲಿದ್ಲು?" ಎಂದೆ.

"ಅಲ್ಲೇ ಇದ್ಲು. ಅಳ್ತಿದ್ಲು."

ನನಗೆ ಬಂದ ಸಿಟ್ಟನ್ನು ಬರೆಯಲು ಬರುವುದಿಲ್ಲ. ಮೈನೆರೆಯದ ಹುಡುಗಿ ಎಂದು ಒಂದು ಮಾತು ಹೇಳಿದ್ದರೆ ಆ ಮಾವನ ಕೈಯ ಬಾರುಗೋಲು ನಿಲ್ಲುತ್ತಿತ್ತು. ಆರತಿ ಸುಳ್ಳಾಯಿತು ಎಂದು ಗೊತ್ತಾಗಬಾರದೆಂದು ಆ ತಾಯಿ ಮಗಳಿಗೆ ಏಟು ಬೀಳುವುದನ್ನು ನೋಡುತ್ತಾ ನಿಂತಿದ್ದಳು. ಮೂಗಿಗಿಂತ ಮೂಗುತ್ತಿ ಭಾರವಾದ ಮನೆ. ಹತ್ತಿ ಹಿಡಿದು ಬಂದ ರಾಜಮ್ಮನಿಗೆ ನಾನು ಆಡಬಾರದ ಮಾತೆಲ್ಲ ಆಡಿದೆ. ಅವಳು ನನ್ನ ಕಾಲಿಗೆ ಬಿದ್ದಳು.

"ನನ್ನ ಕಾಲು ಯಾಕೆ ಹಿಡೀತೀಯಾ? ಮಗಳ ಕಾಲು ಹಿಡಿ" ಎಂದು ಬೈದೆ.

"ಅಣ್ಣ ಕೈಬುಟ್ರೆ ನಾವಿಬ್ರೂ ಎಲ್ಲಿಗೋಗಾನವ್ವ? ಒಳೆಗೇ ಬೀಳ್ಬೇಕು" ಎಂದಳು. ಅವಳನ್ನು ಹಿಡಿದು ಎಬ್ಬಿಸಿದೆ. ಸಿಟ್ಟು ಮಾತ್ರ ಹಾಗೇ ಇತ್ತು.

ಹುಡುಗಿಯ ಒಪ್ಪಿಗೆ ಪಡೆದು ನಾನೇ ಪರೀಕ್ಷೆ ಮಾಡಿದೆ. ಹೊರಗೆ ಎಲ್ಲ ಸರಿಯಾಗಿತ್ತು, ಸ್ವಲ್ಪ ಮೇಲೆ ದಾರಿ ಮುಚ್ಚಿತ್ತು. ಅದರ ಹಿಂದೆ ಏನೋ ತುಂಬಿ ಒತ್ತುತ್ತಿತ್ತು. ರುದ್ರಪ್ಪನವರ ಕೊಠಡಿಗೆ ಹೋಗಿ ನಡೆದದ್ದನ್ನು ಹೇಳಿದೆ. ಅವರು ಸೋಲಲು ಒಪ್ಪುವವರಲ್ಲ.

"ಗೋಡೆನೂ ಇರಬಹುದು, ಗಡ್ಡೆನೂ ಇರಬಹುದು. ಓಪನ್ ಮಾಡಿದ್ರೆ ಎರಡೂ ಗೊತ್ತಾಗುತ್ತೆ."

"ಸ್ಕೋಪ್ ಕೊಡಿ ಸರ್. ಒಂದು ತೂತಿನಲ್ಲಿ ಎರಡೂ ಗೊತ್ತಾಗುತ್ತೆ."

"ಅದು ಕ್ಯಾಂಪಿಂದು ಕಣ್ರೀ. ಟಾರ್ಗೆಟ್ಟಿಗೆ ಕೊಟ್ಟಿರೋದು."

"ಗರ್ಭ ತಡೆಯೋಕೆ ಒಳಗೆ ಇಳಿಯೋ ಸ್ಕೋಪು ಗರ್ಭ ಉಳಿಸೋಕೆ ಇಳಿದ್ರೆ ಸವೀತದಾ ಸರ್?" ಎಂದೆ. ನನ್ನ ದನಿ ವರಾಂಡದವರೆಗೂ ಕೇಳಿಸಿತಂತೆ. ಹೊರಗೆ ಸಿಸ್ಟರುಗಳು ಬಂದು ನಿಂತರು. ಕೊಡದಿದ್ದರೆ ಆ ಹುಡುಗಿಯ ಹೊಟ್ಟೆ ಕೊಯ್ಯುವಾಗ ನಾನು ಸಹಾಯಕ್ಕೆ ನಿಲ್ಲುವುದಿಲ್ಲ, ಯಾಕೆ ನಿಲ್ಲಲಿಲ್ಲ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ ಎಂದೂ ಅಂದೆ. ಅವರು ಕನ್ನಡಕ ತೆಗೆದು ಒರೆಸಿದರು. ಕ್ಯಾಂಪಿನ ದಿನ ಮೈಸೂರಿನಿಂದ ಅರಿವಳಿಕೆ ಡಾಕ್ಟರು ಹೇಗೂ ಬರುತ್ತಾರೆ, ಕ್ಯಾಂಪಿನ ಕೇಸೆಲ್ಲ ಮುಗಿದ ಮೇಲೆ ಮಾಡಿಕೊಳ್ಳಿ ಎಂದರು. "ಆದ್ರೆ ನಾನೂ ಕೈ ತೊಳ್ಕೊಂಡು ನಿಂತಿರ್ತೀನಿ. ಗಡ್ಡೆ ಇದ್ರೆ ಅಲ್ಲೇ ಹೊಟ್ಟೆ ತೆರೀತೀನಿ" ಎಂಬ ಷರತ್ತು ಹಾಕಿದರು.

ಕ್ಯಾಂಪಿನ ದಿನ ಆ ಹುಡುಗಿ ಬೆಳಗಿನಿಂದ ಹಸಿದುಕೊಂಡು ವರಾಂಡದಲ್ಲಿ ಕಾದಳು. ಜೀಪುಗಳು ಬಂದವು, ಹೋದವು. ಎಲ್ಲ ಮುಗಿಯುವಾಗ ಸಂಜೆಯ ಬಿಸಿಲು ಇಳಿದಿತ್ತು. ರುದ್ರಪ್ಪ ಟೇಬಲ್ಲಿನ ಆ ಕಡೆ ಕತ್ತಿಯ ಟ್ರೇ ಪಕ್ಕದಲ್ಲಿ ನಿಂತರು. ನಾನು ಸ್ಕೋಪು ಇಳಿಸಿದೆ. ಗಡ್ಡೆ ಕಂಡರೆ ಆ ಹೊಟ್ಟೆ ಅವರ ಪಾಲಾಗುತ್ತಿತ್ತು.

ಗಡ್ಡೆ ಇರಲಿಲ್ಲ. ಅಂಡಾಶಯಗಳು ಎರಡೂ ಬೆಳ್ಳಗೆ, ಆರೋಗ್ಯವಾಗಿದ್ದವು. ಸ್ಕ್ಯಾನಿನಲ್ಲಿ ನೀರುಗಡ್ಡೆಯಾಗಿ ಕಂಡದ್ದು ರಕ್ತ ತುಂಬಿ ಉಬ್ಬಿದ ದಾರಿ. ಅದರ ನೆತ್ತಿಯ ಮೇಲೆ ಗರ್ಭಕೋಶ ಪುಟ್ಟದಾಗಿ, ಇಡಿಯಾಗಿ ಕೂತಿತ್ತು. ಟ್ಯೂಬುಗಳು ಊದಿಕೊಂಡು ನೀಲಿಯಾಗಿದ್ದವು, ಕೆಡಲು ಇನ್ನೂ ಶುರುವಾಗಿರಲಿಲ್ಲ. "ಸರ್, ನೋಡಿ" ಎಂದೆ. "ನೀವೇ ಹೇಳಿ" ಎಂದರು. "ನಾನು ಹೇಳಲ್ಲ. ನೀವೇ ಬಗ್ಗಿ ನೋಡಿ" ಎಂದೆ. ಬಗ್ಗಿದರು. ಎದ್ದು ನಿಂತಾಗ ಮುಖದಲ್ಲಿ ಏನೂ ತೋರಿಸಿಕೊಳ್ಳಲಿಲ್ಲ. "ಹೂಂ. ಯುಟರಸ್ ಚೆನ್ನಾಗಿದೆ" ಎಂದು ಗ್ಲೋವ್ಸ್ ಬಿಚ್ಚಿ ಕಾಫಿಗೆ ಹೋದರು. ಮುಂದಿನ ತಿಂಗಳ ಜಿಲ್ಲಾ ಮೀಟಿಂಗಿನಲ್ಲಿ "ನಮ್ಮಲ್ಲಿ ಇಂಥ ಅಪರೂಪದ ಕೇಸು ಹೊಟ್ಟೆ ತೆರೆಯದೆಯೇ ಮಾಡಿದೆವು" ಎಂದು ಅವರೇ ಹೇಳಿದರಂತೆ. ಚಪ್ಪಾಳೆ ಬಿತ್ತಂತೆ.

ಕೆಳಗಿನಿಂದ ಮೊದಲು ಸೂಜಿ ಹಾಕಿ ಖಾತ್ರಿ ಮಾಡಿಕೊಂಡು ಗೋಡೆಯನ್ನು ಕತ್ತರಿಸಿದೆ. ಒಂದೂವರೆ ವರ್ಷದ ಹಳೆಯ ರಕ್ತ ಜೋನಿಬೆಲ್ಲದ ಹಾಗೆ ಗಟ್ಟಿಯಾಗಿ, ಕಪ್ಪಾಗಿ ಇಳಿಯಿತು. ಉಬ್ಬಿದ್ದ ಹೊಟ್ಟೆ ನೋಡನೋಡುತ್ತಾ ಇಳಿದುಹೋಯಿತು. ಅಂಚುಗಳನ್ನು ಹೊಲಿದು, ದಾರಿ ಮತ್ತೆ ಮುಚ್ಚಿಕೊಳ್ಳದಂತೆ ಮೆತ್ತನೆಯ ರಬ್ಬರ್ ಕೊಳವೆ ಇಟ್ಟೆ. ಗೋಡೆ ಕತ್ತರಿಸಿದರೆ ಮುಗಿಯಿತು ಎಂದುಕೊಳ್ಳಬೇಡಿ. ಕಾಯದೆ ಮನೆಗೆ ಕಳಿಸಿದರೆ ದಾರಿ ಕುಗ್ಗಿ ಮತ್ತೆ ಮುಚ್ಚಿಕೊಳ್ಳುತ್ತದೆ, ಹುಡುಗಿ ನಾಚಿಕೆಯಿಂದ ವಾಪಸ್ಸು ಬರುವುದಿಲ್ಲ. ನಾನು ಮಾದೇವಿಯನ್ನು ವಾರ್ಡಿನಲ್ಲೇ ಇಟ್ಟುಕೊಂಡೆ. ಮಂಚ ಖಾಲಿ ಮಾಡಿಸಿ ಎಂದು ರುದ್ರಪ್ಪ ಎರಡು ಸಲ ಚೀಟಿ ಕಳಿಸಿದರು. ಹರಿದು ಹಾಕಿದೆ.

ಮುಂದಿನ ಮುಟ್ಟು ವಾರ್ಡಿನಲ್ಲೇ ಆಯಿತು, ತಾನಾಗಿಯೇ, ನೋವಿಲ್ಲದೆ. ಅವಳು ಸಿಸ್ಟರನ್ನು ಕೂಗಲಿಲ್ಲ, ಬೆಳಗಿನ ರೌಂಡ್ಸಿಗೆ ಹೋದ ನನ್ನ ಕೈ ಹಿಡಿದು ಕಿವಿಯಲ್ಲಿ ಹೇಳಿದಳು. ಅವಳು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆಗ.

ಅದೇ ದಿನ ಹೊರಗೆ ರಾಜಮ್ಮ ನನ್ನನ್ನು ತಡೆದಳು. ಅಣ್ಣ, ಅತ್ತಿಗೆ, ಬೀದಿಯ ಹೆಂಗಸರು ನೋಡಲು ಬರುತ್ತಾರಂತೆ. "ಅಪೆಂಡಿಸ್ ಅಂತ ಏಳ್ಬುಡಿ ಡಾಕ್ಟ್ರಮ್ಮ. ನಿಮ್ಮ ಮಾತ್ನ ನಂಬ್ತಾರೆ" ಎಂದಳು.

"ಸುಳ್ಳು ಹೇಳಲ್ಲ. ಸತ್ಯವನ್ನೂ ನಿನ್ನ ಮಗಳು ಬೇಡ ಅಂದ್ರೆ ಹೇಳಲ್ಲ. ಅವಳನ್ನ ಕೇಳು" ಎಂದೆ. ಅವಳು ಕೇಳಲಿಲ್ಲ. ಅಷ್ಟಾದ ಮೇಲೂ ಕೇಳಲಿಲ್ಲ!

ಸಂಜೆ ಅವರೆಲ್ಲ ಬಂದರು. ಬ್ರೆಡ್ಡು, ಬಾಳೆಹಣ್ಣು ಹಿಡಿದು ಮಂಚದ ಸುತ್ತ ನಿಂತರು. ಶಿವಣ್ಣ 'ಬಸುರಿಲ್ಲ' ಎಂಬ ಸಮಾಧಾನದಲ್ಲಿ ಕಾಲ ಬಳಿ ನಿಂತಿದ್ದ. ನಾನು ಪಕ್ಕದ ಮಂಚದ ಬಾಣಂತಿಯನ್ನು ನೋಡುತ್ತಿದ್ದೆ. ಹಬ್ಬಿದ ಸುದ್ದಿಯ ತಾಯಿಬೇರಾದ ಶಿವಣ್ಣನ ಹೆಂಡತಿ ಪುಟ್ಟತಾಯಮ್ಮ ಹುಡುಗಿಯ ತಲೆ ಸವರಿ, "ಏನಿತ್ತಂತೆ ಕೂಸೆ ಒಟ್ಟೇಲಿ?" ಎಂದಳು.

"ಅಪೆಂಡಿಸ್ ಕಣತ್ಗೆ" ಎಂದಳು ರಾಜಮ್ಮ, ಎಂದಿನಂತೆ ಮಗಳಿಗಿಂತ ಮೊದಲು.

ನಾನು ತಿರುಗಿದೆ. ಬೈಗುಳ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮಾದೇವಿ ಗೋಡೆಗೆ ಒರಗಿ ಎದ್ದು ಕೂತಳು.

"ಅಪೆಂಡಿಸ್ ಅಲ್ಲ ಕಣತ್ತೆ. ನಾನು ದೊಡ್ಡೋಳಾಗೇ ಇರ್ನಿಲ್ಲ. ನೀನು ಆರತಿ ಎತ್ತುದ್ಯಲ್ಲ, ಅದು ಸುಳ್ಳು. ಬಟ್ಟೆ ಮೇಲಿದ್ದುದ್ದು ಅರಿಸ್ನ ಸುಣ್ಣ. ಜಗ್ಲಿ ಮೇಲೆ ಕುಂತಿದ್ದೂ ಸುಳ್ಳು. ರಕ್ತ ಒರ್ಗೆ ಬರಾಕೆ ದಾರಿ ಇಲ್ದೆ ಒಟ್ಟೇಲೇ ತುಂಬ್ಕಂಡಿತ್ತು. ಡಾಕ್ಟ್ರಮ್ಮ ದಾರಿ ಬುಡ್ಸವ್ರೆ. ಇವತ್ತು ಬೆಳಗ್ಗೆ ಆದೆ, ದಿಟವಾಗ್ಲೂ."

ರಾಜಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ಪುಟ್ಟತಾಯಮ್ಮ, "ಶಿವ ಶಿವಾ, ಇದೇನ್ ಮಾತಾಡದು ಎಣ್ಮಗ" ಎಂದು ಹೆಂಗಸರ ಕಡೆ ನೋಡಿದಳು.

"ಬಸ್ರಿ ಅಂತ ಬೀದೀಲೆಲ್ಲ ಏಳುದ್ಯಲ್ಲತ್ತೆ, ಇದ್ನೂ ಓಗಿ ಏಳು" ಎಂದಳು ಮಾದೇವಿ. ಆಮೇಲೆ ಕಾಲ ಬಳಿ ನಿಂತಿದ್ದ ಸೋದರಮಾವನ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

"ಮಾವ, ಬಾಸುಂಡೆ ಬರಂಗೆ ಒಡುದ್ಯಲ್ಲ. ಯಾವನು, ಯಾವನು ಅಂತ ಕೇಳುದ್ಯಲ್ಲ. ಏನಾಗದೆ ಕೂಸೆ ಅಂತ ಒಂದ್ಸಲ ಕೇಳುದ್ಯಾ?"

ಶಿವಣ್ಣ ರಾಜಮ್ಮನ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ಕೊನೆಗೆ ನನ್ನ ಕಡೆ ನೋಡಿದ, ಡಾಕ್ಟರು ಏನಾದರೂ ಒಂದು ಮಾತಾಡಿ ತನ್ನನ್ನು ಬಿಡಿಸಲಿ ಎಂಬ ಹಾಗೆ. ಇಡೀ ಸರ್ವೀಸಿನಲ್ಲಿ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಯದ ನಾನು ಆಗ ಮುಚ್ಚಿಕೊಂಡೆ. ಕೇಳಿದವಳು ಅವಳು, ಹೇಳಬೇಕಾದವನು ಅವನು. ಅವನು ಬಾಯಿ ಬಿಡುವವರೆಗೆ ನಾನು ಆ ಮಂಚದ ಪಕ್ಕದಿಂದ ಕದಲಲಿಲ್ಲ, ಅವನನ್ನೂ ಕದಲಗೊಡಲಿಲ್ಲ.